ನಿಂತು ಕುಡಿಯುವ ಕಾಫಿ, ನಡೆಯಲಾಗದ ಪೇಟೆ

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿದ್ದಳು. 1998ರ ಎಸ್.ಎಸ್.ಎಲ್.ಸಿ. ತಂಡದವಳು, ಈಗ ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗದಲ್ಲಿದ್ದಾಳೆ. "ಸಾರ್, ಮುಂದಿನ ತಿಂಗಳು ಇಟಲಿಗೆ ಹೋಗ್ತಿದ್ದೇವೆ. ನೀವು ಹೋಗಿ ಬಂದವರಲ್ಲ, ಏನೇನು ನೋಡ್ಬೇಕು ಹೇಳಿ" ಎಂದಳು. ನಾನು ಹೇಳಿದೆ: "ನೋಡುವುದರ ಪಟ್ಟಿ ನಿನ್ನ ಫೋನಿನಲ್ಲೇ ಇದೆಯಮ್ಮ. ದಿನಕ್ಕೆ ಒಂದೆರಡು ಗಂಟೆ ಯಾವ ಕೆಲಸವೂ ಇಲ್ಲದೆ ಬೀದಿಯಲ್ಲಿ ನಡೆ. ನಡುವೆ ಎಲ್ಲಾದರೂ ಕಾಫಿ ಕುಡಿ. ಕೂರಬೇಡ, ನಿಂತೇ ಕುಡಿ." ಅವಳು ನಕ್ಕು, "ಅದಕ್ಕೆ ಇಟಲಿಗೆ ಯಾಕೆ ಸಾರ್, ಮಡಿಕೇರಿಯಲ್ಲೇ ಆಗ್ತದಲ್ಲ?" ಎಂದಳು.

ಆಗುವುದಿಲ್ಲ. ಅದೇ ನನ್ನ ಇವತ್ತಿನ ತಕರಾರು.

2019ರ ಏಪ್ರಿಲ್ ತಿಂಗಳಿನಲ್ಲಿ ನಾನು ಮೂರು ವಾರ ಇಟಲಿಯ ಟ್ಯೂರಿನ್ ನಗರದಲ್ಲಿದ್ದೆ. ಅಲ್ಲಿಯವರು ಟೊರಿನೊ ಎನ್ನುತ್ತಾರೆ. ತಂಗಿಯ ಮಗ ಅಲ್ಲಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. "ಮಾವ, ನಿವೃತ್ತಿಯಾದ ಮೇಲೆ ನೀವು ಸೋಮವಾರಪೇಟೆಯಿಂದ ಆಚೆಗೆ ಹೋಗಲಿಲ್ಲ" ಎಂದು ಹಂಗಿಸಿ ಟಿಕೆಟ್ಟನ್ನೂ ಅವನೇ ಮಾಡಿಸಿ ಕಳಿಸಿದ. (ಅವನೂ ಇದನ್ನು ಓದುತ್ತಾನಾದ್ದರಿಂದ ಹೇಳುತ್ತೇನೆ: ಆ ಹಣವನ್ನು ನಾನು ಹಿಂದಿರುಗಿಸಿದ್ದೇನೆ.) ರೋಮ್, ವೆನಿಸ್‌ಗಳನ್ನೂ ನಾಲ್ಕು ದಿನಗಳಲ್ಲಿ ಓಡಿಸಿ ತೋರಿಸಿದ. ಅವೆಲ್ಲ ಚಿತ್ರಗಳಲ್ಲಿ ಕಂಡಂತೆಯೇ ಇದ್ದವು. ನೂಕುನುಗ್ಗಲು ಮಾತ್ರ ಚಿತ್ರಗಳಲ್ಲಿ ಕಂಡಿರಲಿಲ್ಲ. ವೆನಿಸ್ ನಗರವು 2024ರಿಂದ ಕೆಲವು ದಿನಗಳಲ್ಲಿ ಬಂದುಹೋಗುವ ಪ್ರವಾಸಿಗರಿಂದ ಐದು ಯೂರೋ ಪ್ರವೇಶಶುಲ್ಕ ವಸೂಲು ಮಾಡತೊಡಗಿತೆಂದು ಪತ್ರಿಕೆಯಲ್ಲಿ ಓದಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಟ್ಯೂರಿನ್ ಬೇರೆ. ಅದು ಆಲ್ಪ್ಸ್ ಪರ್ವತಗಳ ಬುಡದಲ್ಲಿ, ಪೋ ನದಿಯ ದಡದಲ್ಲಿದೆ. ನಡುಪೇಟೆಯ ದೊಡ್ಡ ಬೀದಿಗಳ ಎರಡೂ ಬದಿಯ ಕಟ್ಟಡಗಳ ಕೆಳಗೆ ಕಂಬಸಾಲಿನ ಮೊಗಸಾಲೆ. ಮೇಲೆ ಮನೆಗಳು, ಒಳಬದಿಯಲ್ಲಿ ಅಂಗಡಿಗಳು, ಹೊರಬದಿಯಲ್ಲಿ ಕಮಾನುಗಳು, ನಡುವೆ ನಾಲ್ಕೈದು ಜನ ಸಾಲಾಗಿ ನಡೆಯುವಷ್ಟು ಅಗಲದ ಕಲ್ಲುಹಾಸು. ಇಂಥ ಮೊಗಸಾಲೆಗಳು ಆ ಊರಿನಲ್ಲಿ ಒಟ್ಟು ಸುಮಾರು 18 ಕಿಲೋಮೀಟರ್ ಇವೆ. ವಿಯಾ ಪೋ ಎಂಬ ಬೀದಿಯ ಒಂದು ಬದಿಯಲ್ಲಂತೂ ಅಡ್ಡರಸ್ತೆಗಳ ಮೇಲೂ ಚಾವಣಿಯಿದೆ. ಅರಸನು ಅರಮನೆಯಿಂದ ಹೊಳೆಯ ತನಕ ನೆನೆಯದೆ ನಡೆದುಹೋಗಲೆಂದು ಹಾಗೆ ಕಟ್ಟಿಸಿದರೆಂಬುದು ಅಲ್ಲಿಯ ಐತಿಹ್ಯ. ನಾನು ಹೋದ ಎರಡನೆಯ ದಿನವೇ ಮಳೆ ಹಿಡಿಯಿತು. ಕೊಡಗಿನವನಾದ ನಾನು ಕೊಡೆ ಹುಡುಕಿದೆ. "ಬೇಡ ಮಾವ" ಎಂದ ಹುಡುಗ. ಸಂಜೆ ಒಂದೂವರೆ ಗಂಟೆ ನಡೆದೆವು. ಒಂದು ಹನಿಯೂ ತಾಗಲಿಲ್ಲ.

ಸಂಜೆಯಾದರೆ ಆ ಮೊಗಸಾಲೆಗಳಲ್ಲಿ ಊರಿಗೆ ಊರೇ ಇಳಿದಿರುತ್ತದೆ. ಕೈಹಿಡಿದ ಮುದುಕ ಮುದುಕಿಯರು, ಕೆಲಸ ಮುಗಿಸಿದ ಗುಮಾಸ್ತರು, ಮಗುವನ್ನು ಗಾಡಿಯಲ್ಲಿ ತಳ್ಳುವ ತಾಯಂದಿರು. ಯಾರೂ ಎಲ್ಲಿಗೂ ಹೋಗುತ್ತಿರುವಂತೆ ಕಾಣುವುದಿಲ್ಲ. ಅದಕ್ಕೊಂದು ಹೆಸರೇ ಇದೆ, ಪಸ್ಸೆಜಾತ. ನಮ್ಮ ಹಿರಿಯರು 'ಗಾಳಿ ತೆಗೆದುಕೊಂಡು ಬರುವುದು' ಎನ್ನುತ್ತಿದ್ದರಲ್ಲ, ಅದೇ.

ಇನ್ನು ಕಾಫಿ. ಅಲ್ಲಿ 'ಬಾರ್' ಎಂದರೆ ಹೆಂಡದಂಗಡಿಯಲ್ಲ, ಕಾಫಿಯ ಕಟ್ಟೆ. ಎದೆಯೆತ್ತರದ ಕಟ್ಟೆಯ ಮುಂದೆ ನಿಂತು "ಉನ್ ಕಫೆ" ಎಂದರಾಯಿತು. ಅಂಗೈಯಲ್ಲಿ ಅಡಗುವ ಪಿಂಗಾಣಿ ಬಟ್ಟಲೊಂದು ಬರುತ್ತದೆ. ಒಳಗೆ ಎರಡು ದೊಡ್ಡ ಚಮಚದಷ್ಟು ಕಪ್ಪು ಕಷಾಯ, ಮೇಲೆ ಕಂದು ನೊರೆ. ಮೊದಲ ಸಲ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಜ್ಜಿ ಜ್ವರಕ್ಕೆ ಕೊಡುತ್ತಿದ್ದ ಕಷಾಯವೇ ನೆನಪಾಯಿತು. ಇದಕ್ಕೆ ಇಷ್ಟು ದೂರ ಬರಬೇಕಿತ್ತೇ ಎಂದುಕೊಂಡೆ. ಒಂದು ವಾರ ಕಳೆಯುವಷ್ಟರಲ್ಲಿ ಬೆಳಗಿನ ಹತ್ತು ಗಂಟೆಗೆ ಕಾಲುಗಳು ತಾವಾಗಿಯೇ ಅತ್ತ ಹೋಗತೊಡಗಿದವು. ಸಕ್ಕರೆ ಹಾಕಿ ಮೂರು ಗುಟುಕಿಗೆ ಮುಗಿಸಿ, ಲೋಟ ನೀರು ಕುಡಿದು, ಮತ್ತೆ ನಡೆಯುವುದು.

ನನ್ನ ಮನಸ್ಸಿಗೆ ತಾಗಿದ್ದು ರುಚಿಗಿಂತ ಹೆಚ್ಚಾಗಿ ಆ ಕಟ್ಟೆಯೇ. ಒಂದು ಬೆಳಿಗ್ಗೆ ನನ್ನ ಎಡಕ್ಕೆ ಕಪ್ಪು ಕೋಟಿನ ವಕೀಲರಂಥವರೊಬ್ಬರು, ಬಲಕ್ಕೆ ಬೀದಿ ಗುಡಿಸುವವನು, ಹೊಳೆಯುವ ಹಳದಿ ಅಂಗಿಯಲ್ಲಿ. ಮೂವರಿಗೂ ಒಂದೇ ಬಟ್ಟಲು, ಒಂದೇ ದರ: ಒಂದು ಯೂರೋ ಹತ್ತು ಸೆಂಟ್. ನಾನು ಮಾಸ್ತರನಲ್ಲವೇ, ಕಾರಣ ಹುಡುಕಿದೆ. 1911ರಲ್ಲಿ ಅಲ್ಲಿಯ ಪುರಸಭೆಗಳಿಗೆ ಅಗತ್ಯ ವಸ್ತುಗಳ ಬೆಲೆಗೆ ಮಿತಿ ಹಾಕುವ ಅಧಿಕಾರ ಬಂದಿತು; ಆ ವಸ್ತುಗಳಲ್ಲಿ ಕಾಫಿಯೂ ಸೇರಿತು. ಮಿತಿ ನಿಂತು ಕುಡಿಯುವ ಕಾಫಿಗೆ. ಕೂರಿಸಿ ಬಡಿಸಿದರೆ ಬೇರೆ ದರ. ಹೀಗಾಗಿ ನಿಂತು ಕುಡಿಯುವುದು ಅಗ್ಗದ ಪದ್ಧತಿಯಾಗಿ ಬೆಳೆಯಿತು. ಹಳೆಯ ನಿಯಂತ್ರಣ ಸಡಿಲಗೊಂಡ ಮೇಲೂ ಅಭ್ಯಾಸ ಉಳಿದಿದೆ. ಹಬೆಯಿಂದ ಕಾಫಿ ಇಳಿಸುವ ಯಂತ್ರಕ್ಕೆ ಮೊದಲು ಹಕ್ಕುಪತ್ರ ಪಡೆದವನೂ ಈ ಟ್ಯೂರಿನ್ನಿನವನೇ, ಆಂಜೆಲೊ ಮೊರಿಯೊಂದೊ, 1884ರಲ್ಲಿ. ಗಿರಾಕಿ ಕಾಯಬಾರದು, ಕುಡಿದು ಬೇಗ ಹೊರಡಬೇಕು ಎಂಬುದೇ ಇಂಥ ಯಂತ್ರಗಳ ಉದ್ದೇಶ. ಗಮನಿಸಿ, ಇಟಲಿಯಲ್ಲಿ ಹೇಳಿಕೊಳ್ಳುವಂಥ ಕಾಫಿ ತೋಟಗಳಿಲ್ಲ. ಬೀಜವೆಲ್ಲ ಹೊರಗಿನಿಂದ ಬರಬೇಕು.

ಎಲ್ಲಿಂದ ಬರಬೇಕು? ಒಂದು ದಿನ ಕಾಫಿ ಹುರಿಯುವ ಸಣ್ಣ ಅಂಗಡಿಯೊಂದಕ್ಕೆ ಹೋಗಿದ್ದೆವು. ಗೋಡೆಯ ಹಲಗೆಯ ಮೇಲೆ ದೇಶಗಳ ಹೆಸರು: ಬ್ರೆಜಿಲ್, ಇಥಿಯೋಪಿಯಾ, ಕೊಲಂಬಿಯಾ, ಕೊನೆಯ ಸಾಲಿನಲ್ಲಿ ಇಂಡಿಯಾ. ಅಂಗಡಿಯವರು ಹುಡುಗನ ಮೂಲಕ ವಿವರಿಸಿದರು. ಮೇಲಿನ ದಪ್ಪ ನೊರೆಗೆ, ಬಾಯಲ್ಲಿ ನಿಲ್ಲುವ ಗಟ್ಟಿತನಕ್ಕೆ ರೋಬಸ್ಟಾ ಬೆರೆಸಬೇಕು. ನೆರಳಲ್ಲಿ ಬೆಳೆದು ತೊಳೆದು ಒಣಗಿಸಿದ ಭಾರತದ ರೋಬಸ್ಟಾ ಅದಕ್ಕೆ ಹೇಳಿಸಿದಂಥದ್ದು. ನಾನು ಕೊಡಗು ಎಂದೆ. ಅವರಿಗೆ ತಿಳಿಯಲಿಲ್ಲ. ಕೂರ್ಗ್ ಎಂದೆ. ಅವರು ಕೈಕುಲುಕಿದರು.

ನನಗೆ ಹೆಮ್ಮೆಯಾಗಬೇಕಿತ್ತು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲು ನಮ್ಮ ಪುಟ್ಟ ಜಿಲ್ಲೆಯದು. ಭಾರತದ ಕಾಫಿ ಹೆಚ್ಚಾಗಿ ಹೋಗುವ ದೇಶಗಳಲ್ಲಿ ಇಟಲಿ ಬಹುಕಾಲದಿಂದ ಮುಂಚೂಣಿಯಲ್ಲಿದೆ. ಆದರೆ ಆ ಕ್ಷಣದಲ್ಲಿ ನನಗೆ ನೆನಪಾದದ್ದು ಬೇರೆ, ಒಂದು ಹಳೆಯ ಖಾಕಿ ಚೀಲ.

ಇದನ್ನು ಈ ಪುಟದಲ್ಲಿ ಇದುವರೆಗೆ ಬರೆದಿಲ್ಲ. 1987ರ ಮಾರ್ಚ್ ತಿಂಗಳಿರಬೇಕು, ಕಾಫಿ ಕುಯ್ಲು ಮುಗಿಯುತ್ತ ಬಂದ ಸಮಯ. ನಾನು ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಎಂಟನೆಯ ತರಗತಿಯ ಮಾಸ್ತರ. ತೋಟದ ಲೈನ್‌ಮನೆಯಿಂದ ಬರುತ್ತಿದ್ದ ಹುಡುಗನ ಚೀಲದಲ್ಲಿ ಪುಸ್ತಕಗಳ ಕೆಳಗೆ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಸೇರಿನಷ್ಟು ಕಾಫಿ ಬೀಜ. ಆ ಕಾಲ ಎಂಥದೆಂದು ಕಿರಿಯರಿಗೆ ಹೇಳಬೇಕು. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆಗಾರ ತನ್ನ ಬೆಳೆಯನ್ನು ಕಾಫಿ ಮಂಡಳಿಯ ಪೂಲ್‌ಗೇ ಒಪ್ಪಿಸಬೇಕಿತ್ತು. ಮನೆಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು. 1990ರ ದಶಕದಲ್ಲಿ ಹಂತಹಂತವಾಗಿ ಆ ಕಟ್ಟುಪಾಡು ಹೋಯಿತು. ಅಂಥ ದಿನಗಳಲ್ಲಿ ಲೈನ್‌ಮನೆಯ ಹುಡುಗನ ಬಳಿ ಕಾಫಿ ಬೀಜ ಎಂದರೆ ನನ್ನ ತಲೆಗೆ ಹೊಳೆದದ್ದು ಒಂದೇ, ಕಳವು. ನಾನು ವಿಚಾರಿಸಲಿಲ್ಲ. ಎರಡು ಏಟು ಕೊಟ್ಟು ಗಂಟನ್ನು ತೋಟದ ರೈಟರಿಗೆ ಕಳುಹಿಸಿದೆ.

ಮರುದಿನ ಅವನ ತಾಯಿ ಬಂದಳು. ಅದು ಹಕ್ಕಲು. ಕುಯ್ಲಾದ ಮೇಲೆ ಗಿಡದ ಬುಡದಲ್ಲಿ ತರಗೆಲೆಯ ನಡುವೆ ಉಳಿದದ್ದನ್ನು ಒಂದೊಂದಾಗಿ ಹೆಕ್ಕಿ, ಯಜಮಾನರನ್ನು ಕೇಳಿಯೇ ತಂದು, ಒಣಗಿಸಿ ಒರಳಲ್ಲಿ ಕುಟ್ಟಿ ಸಿಪ್ಪೆ ತೆಗೆದದ್ದು. "ನಾವು ಕುಯ್ಯೋದು ಹೇಗಿರ್ತದೆ ಅಂತ ಒಮ್ಮೆ ಕುಡಿದು ನೋಡುವಾ ಅಂತ ಆಸೆ ಆಯ್ತು ಸಾರ್. ಪೇಟೆಯಲ್ಲಿ ಹುರಿದು ಪುಡಿ ಮಾಡಿಸ್ಲಿಕ್ಕೆ ಕಳಿಸಿದ್ದೆ" ಎಂದಳು. ಬೈಯಲಿಲ್ಲ, ಅಳಲೂ ಇಲ್ಲ. ಹುಡುಗ ಆ ಮೇಲೆ ಶಾಲೆಗೆ ಬರಲಿಲ್ಲ. ನಾನು ಎರಡು ಸಲ ಲೈನ್‌ಮನೆಗೆ ಹೋದೆ. ಎರಡು ಸಲವೂ ಅವನು ಕೆಲಸಕ್ಕೆ ಹೋಗಿದ್ದ.

ಇರಲಿ. ವಿಷಯಕ್ಕೆ ಬರುತ್ತೇನೆ.

ಕೊಡಗಿನಲ್ಲಿ ಕಾಫಿಯ ಸಂಸ್ಕೃತಿ ಇಲ್ಲವೆಂದು ನಾನು ಹೇಳುವುದಿಲ್ಲ. ಮನೆಯೊಳಗೆ ಧಾರಾಳವಾಗಿ ಇದೆ. ಬೆಲ್ಲ ಹಾಕಿ ಕುದಿಸಿದ ಕರಿಕಾಫಿ, ಜೊತೆಗೆ ಅಕ್ಕಿರೊಟ್ಟಿ, ಹೊರಗೆ ಜಡಿಮಳೆ. ಇದಕ್ಕೆ ಸಮನಾದುದು ಟ್ಯೂರಿನ್ನಿನಲ್ಲೂ ಸಿಗದು. ಆದರೆ ಅದು ಅವರವರ ಜಗಲಿಯ ಸಂಸ್ಕೃತಿ. ಯಾರ ಜಗಲಿಗೆ ಯಾರು ಹತ್ತಬಹುದು, ಯಾರಿಗೆ ಯಾವ ಲೋಟ ಎಂಬುದನ್ನು ನನ್ನ ವಯಸ್ಸಿನವರಿಗೆ ಹೇಳಬೇಕಾಗಿಲ್ಲ. ಬೀದಿಯ ಕಾಫಿಗೆ ಅಂಥ ಮೆಟ್ಟಿಲುಗಳಿರುವುದಿಲ್ಲ. 1980ರ ದಶಕದಲ್ಲಿ ಹುಟ್ಟಿಕೊಂಡ ಬೆಂಗಳೂರಿನ ದರ್ಶಿನಿಗಳನ್ನು ನೋಡಿ: ಚೀಟಿ ಪಡೆ, ನಿಂತು ಕುಡಿ, ಲೋಟ ಇಟ್ಟು ಹೊರಡು. 'ಬೈ ಟೂ' ಕಾಫಿ ಎಂಬ ಪುಣ್ಯದ ಪದ್ಧತಿ ಇಟಲಿಯವರಿಗೂ ಹೊಳೆದಿಲ್ಲ. ಅಂದರೆ ಕನ್ನಡಿಗರಿಗೆ ಇದು ಬಾರದ ವಿದ್ಯೆಯೇನಲ್ಲ. ಬೆಳೆಯುವ ಊರಿಗೇ ಅದು ಒದಗಲಿಲ್ಲ. ಅರ್ಧ ಶತಮಾನ ನಮ್ಮ ಬೆಳೆ ನಮ್ಮ ಪೇಟೆಯನ್ನು ದಾಟಿ ನೇರವಾಗಿ ಕ್ಯೂರಿಂಗ್ ವರ್ಕ್ಸ್‌ಗೂ ಅಲ್ಲಿಂದ ಬಂದರಿಗೂ ಹೋದದ್ದು ಇದಕ್ಕೊಂದು ಕಾರಣವೆಂದು ನನ್ನ ಊಹೆ. ಇಂದಿಗೂ ದೇಶದ ಬೆಳೆಯಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಹೊರದೇಶಕ್ಕೇ ಹೋಗುತ್ತದೆ.

ಈಗ ಮಡಿಕೇರಿಯಲ್ಲಿ ಕಾಫಿ ಸಿಗುವುದಿಲ್ಲವೇ? ಎರಡು ಬಗೆಯದು ಸಿಗುತ್ತದೆ. ಒಂದು, ಹದಿನೈದು ಇಪ್ಪತ್ತು ರೂಪಾಯಿಯದು. ಅದರ ಪುಡಿಯಲ್ಲಿ ಅರ್ಧದ ಹತ್ತಿರ ಚಿಕೋರಿ; ಕಾನೂನು ನೂರಕ್ಕೆ 49 ಭಾಗದವರೆಗೂ ಬೆರೆಸಲು ಬಿಡುತ್ತದೆ. ಚಿಕೋರಿ ವಿಷವೇನಲ್ಲ, ನನ್ನ ತಾಯಿಯೂ ಚಿಟಿಕೆ ಬೆರೆಸುತ್ತಿದ್ದರು. ಆದರೆ ಕಾಫಿ ತೋಟಗಳ ನಡುವಿನ ಊರಿನಲ್ಲಿ ಬೇರೆ ಗಿಡದ ಬೇರನ್ನು ಹುರಿದು ಕುಡಿಯುವುದಕ್ಕೆ ಏನನ್ನಬೇಕು? ಇನ್ನೊಂದು, ಪ್ರವಾಸಿಗರಿಗೆಂದು ತೆರೆದ ಕೆಫೆಗಳ ಕಾಫಿ. ಗಾಜಿನ ಬಾಗಿಲು, ಮೆತ್ತನೆಯ ಕುರ್ಚಿ, ಇಟಲಿಯ ಹೆಸರು, ನೂರೈವತ್ತು ಇನ್ನೂರು ರೂಪಾಯಿ. ಕೆಲವು ಕಡೆ ಕಾಫಿ ನಿಜಕ್ಕೂ ಚೆನ್ನಾಗಿರುತ್ತದೆ. ನನ್ನ ವಿದ್ಯಾರ್ಥಿಗಳೇ ಅಂಥವನ್ನು ನಡೆಸುತ್ತಿದ್ದಾರೆ, ಅವರ ಶ್ರಮದ ಬಗ್ಗೆ ಗೌರವವಿದೆ. ಆದರೆ ಶುಕ್ರವಾರದ ಸಂತೆಗೆ ಬಂದ ತೋಟದ ಹೆಂಗಸೊಬ್ಬಳು ಆ ಬಾಗಿಲು ತಳ್ಳಿ ಒಳಗೆ ಹೋದದ್ದನ್ನು ನಾನು ಕಂಡಿಲ್ಲ. ಇತ್ತೀಚೆಗೆ ತೋಟಗಳಲ್ಲಿ ಅಸ್ಸಾಮಿನಿಂದ ಬಂದವರೇ ಅನೇಕರು. ಅವರು ಇಡೀ ದಿನ ಕಾಫಿ ಕುಯ್ದು ಸಂಜೆ ಕೆಂಪು ಚಹಾ ಕಾಯಿಸಿಕೊಳ್ಳುತ್ತಾರೆ.

ಇನ್ನು ನಡಿಗೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಡಿಕೇರಿಯ ಸಂಜೆ ಎಂದರೆ ಕೋಟೆಯ ಮುಂದಿನಿಂದ ರಾಜಾಸೀಟಿಗೆ, ಸೂರ್ಯ ಮುಳುಗಿದ ಮೇಲೆ ಕಾಲೇಜು ರಸ್ತೆಯಾಗಿ ಮಹದೇವಪೇಟೆಗೆ. ಮಳೆ ಬಂದರೆ ಹೆಂಚಿನ ಅಂಗಡಿಗಳ ಇಳಿಮಾಡಿನ ಕೆಳಗೆ ಒಂದರಿಂದ ಇನ್ನೊಂದಕ್ಕೆ ದಾಟುತ್ತ ಸಾಕಷ್ಟು ದೂರ ಹೋಗಬಹುದಿತ್ತು. ನಮ್ಮ ಹಿರಿಯರು ಮೊಗಸಾಲೆಯನ್ನು ತಿಳಿಯದವರಲ್ಲ. ಮೈಸೂರಿನಲ್ಲಿ ಬಿ.ಎಡ್. ಓದುವಾಗ ನಾನು ಹಳೆಯ ಪುಸ್ತಕಗಳಿಗಾಗಿ ಗಂಟೆಗಟ್ಟಲೆ ಸುತ್ತುತ್ತಿದ್ದ ಲ್ಯಾನ್ಸ್‌ಡೌನ್ ಕಟ್ಟಡ 1892ರದು. ಅದರ ಕಂಬಸಾಲು ಟ್ಯೂರಿನ್ನಿನದರ ತಮ್ಮನಂತೆಯೇ ಇತ್ತು. 2012ರಲ್ಲಿ ಅದರ ಒಂದು ಭಾಗ ಕುಸಿದು ಜೀವಹಾನಿಯಾಯಿತು. ಕೆಡವಬೇಕೋ ಉಳಿಸಬೇಕೋ ಎಂಬ ಚರ್ಚೆಯಲ್ಲೇ ವರ್ಷಗಳು ಕಳೆದವು.

ಈಗ ವಾರಾಂತ್ಯ ಬಂತೆಂದರೆ ನಾನು ಪೇಟೆಗೆ ಇಳಿಯುವುದಿಲ್ಲ. ಜನರಲ್ ತಿಮ್ಮಯ್ಯ ವೃತ್ತದಿಂದ ರಾಜಾಸೀಟಿನವರೆಗೆ ಕಾರುಗಳ ಸಾಲು. ಕಾಲುದಾರಿ ಇರುವ ಕಡೆ ಅದರ ಮೇಲೆ ನಿಲ್ಲಿಸಿದ ವಾಹನ, ಇಲ್ಲದ ಕಡೆ ಚರಂಡಿ. ಇಳಿಮಾಡಿನ ಅಂಗಡಿಗಳ ಜಾಗದಲ್ಲಿ ಕಾಂಕ್ರೀಟು ಕಟ್ಟಡಗಳು ರಸ್ತೆಯ ಅಂಚಿಗೇ ಬಂದು ನಿಂತಿವೆ. ವರ್ಷದ ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಊರಿನಲ್ಲಿ ನೆನೆಯದೆ ನಡೆಯಲು ನೂರು ಅಡಿ ಜಾಗವಿಲ್ಲ. ಪ್ರವಾಸಿಗರನ್ನು ಬೈದು ಪ್ರಯೋಜನವಿಲ್ಲ. ಟ್ಯೂರಿನ್ನಿನಲ್ಲಿ ನಾನೂ ಪ್ರವಾಸಿಗನೇ ಆಗಿದ್ದೆ. ಊರಿನವರು ನಡೆಯುವ ಊರಿನಲ್ಲಿ ಪ್ರವಾಸಿಗನೂ ನಡೆಯುತ್ತಾನೆ. ನಾವೇ ಸ್ಕೂಟರು ಬಿಟ್ಟು ಇಳಿಯದಿದ್ದರೆ ಅವನೇಕೆ ಇಳಿದಾನು?

"ಇಟಲಿ ನೋಡಿ ಬಂದವರ ಕಾಯಿಲೆ ಇದು" ಎಂದು ನನ್ನ ಭಾವನವರು ತಮಾಷೆ ಮಾಡುತ್ತಾರೆ. ಮಾಡಲಿ. ನಾನು ಕೇಳುತ್ತಿರುವುದು ಅರಮನೆಯನ್ನಲ್ಲ. ಪೇಟೆಯ ಒಂದೇ ಒಂದು ಬೀದಿಯಲ್ಲಿ, ಒಂದೇ ಬದಿಯಲ್ಲಿ, ಅಂಗಡಿಗಳ ಮುಂದೆ ಆರು ಅಡಿ ಅಗಲದ ಹೆಂಚಿನ ಅಥವಾ ತಗಡಿನ ಚಾವಣಿ. ಅದರ ಕೆಳಗೆ ವಾಹನ ಹತ್ತದಂತೆ ಎತ್ತರಿಸಿದ ಕಲ್ಲುಹಾಸು. ಇದಕ್ಕೆ ಗುಡ್ಡ ಅಗೆಯಬೇಕಾಗಿಲ್ಲ. 2018ರ ಆಗಸ್ಟ್ ತಿಂಗಳನ್ನು ಕಂಡ ಮೇಲೆ ಗುಡ್ಡ ಅಗೆಯುವ ಯಾವ ಯೋಜನೆಯನ್ನೂ ನಾನು ಬೆಂಬಲಿಸಲಾರೆ. ಆ ಸಾಲಿನಲ್ಲಿ ಬೆಳೆಗಾರರ ಸಹಕಾರ ಸಂಘವೊಂದು ನಡೆಸುವ ನಿಂತು ಕುಡಿಯುವ ಕಟ್ಟೆ. ಚಿಕೋರಿಯಿಲ್ಲದ, ಜಿಲ್ಲೆಯಲ್ಲೇ ಬೆಳೆದು ಜಿಲ್ಲೆಯಲ್ಲೇ ಹುರಿದ ಕಾಫಿ, ಹಾಲು ಹಾಕಿಯಾದರೂ ಸರಿ, ಬೆಲ್ಲ ಹಾಕಿಯಾದರೂ ಸರಿ, ಪೇಟೆಯ ಸಾಮಾನ್ಯ ಹೋಟೆಲಿನ ದರಕ್ಕೆ. ಲೆಕ್ಕ ಕೂಡುವುದಿಲ್ಲ ಎನ್ನುವವರಿಗೆ ಒಂದು ಮಾತು: ಒಂದು ಲೋಟಕ್ಕೆ ಹತ್ತು ಗ್ರಾಂ ಪುಡಿ ಹಿಡಿದರೆ ಕಿಲೋಗೆ ನೂರು ಲೋಟ. ಪುಡಿಗೆ ಕಿಲೋಗೆ ಎಂಟುನೂರು ರೂಪಾಯಿ ಎಂದುಕೊಂಡರೂ ಲೋಟವೊಂದಕ್ಕೆ ಎಂಟು ರೂಪಾಯಿ. ಉಳಿದದ್ದು ಹಾಲು, ಬೆಂಕಿ, ಕೂಲಿ, ಬಾಡಿಗೆ. ಬಾಡಿಗೆಯನ್ನು ನಗರಸಭೆ ಬಿಟ್ಟುಕೊಟ್ಟರೆ ನಷ್ಟವಾಗಲಾರದು, ದೊಡ್ಡ ಲಾಭವೂ ಆಗಲಾರದು.

ಹೋದ ಜುಲೈನಲ್ಲಿ ಬ್ಯಾಂಕಿನ ಕೆಲಸ ಮುಗಿಸಿ ಮಳೆಯಲ್ಲಿ ಸಿಕ್ಕಿಕೊಂಡು ನಿಂತಿದ್ದಾಗ ಆಟೋ ಒಂದು ಪಕ್ಕದಲ್ಲಿ ಬಂದು ನಿಂತಿತು. "ಸಾರ್, ಹತ್ತಿ" ಎಂದ ಚಾಲಕ. ಐವತ್ತು ದಾಟಿದ ಮುಖ, ಮೀಸೆ ನರೆತಿದೆ. ಹೆಸರು ಅವನೇ ಹೇಳಬೇಕಾಯಿತು. ನನ್ನ ಎದೆ ಧಸಕ್ಕೆಂದಿತು. "ಮೊದಲು ಎಲ್ಲಾದರೂ ಕಾಫಿ ಕುಡಿಯೋಣಪ್ಪ" ಎಂದೆ. ಎದುರಿಗೆ ಗಾಜಿನ ಬಾಗಿಲಿನ ಕೆಫೆ ಇತ್ತು. ಅವನು ಬಾಗಿಲನ್ನೂ ತನ್ನ ಕಾಲನ್ನೂ ನೋಡಿಕೊಂಡು, "ಬೇಡ ಸಾರ್, ಚಪ್ಪಲಿ ಕೆಸರು" ಎಂದ. ಕೊನೆಗೆ ಆಟೋ ನಿಲ್ದಾಣದ ಬಳಿಯ ಗೂಡಂಗಡಿಯಿಂದ ಕಾಗದದ ಲೋಟದಲ್ಲಿ ಚಹಾ ತರಿಸಿಕೊಂಡು ಆಟೋದೊಳಗೇ ಕುಳಿತು ಕುಡಿದೆವು. ಮೂವತ್ತೆಂಟು ವರ್ಷ ತಡವಾಗಿ ಕ್ಷಮೆ ಕೇಳಿದೆ. ಅವನು ಮುಜುಗರಪಟ್ಟು, "ಅದೆಲ್ಲ ಯಾಕೆ ಸಾರ್ ಈಗ" ಎಂದ. ತಾಯಿ ಆ ಕಾಫಿಯನ್ನು ಆಮೇಲಾದರೂ ಕುಡಿದಳೇ ಎಂದು ಕೇಳಿದೆ.

"ಕುಡಿದ್ರು ಸಾರ್. ನಾನು ಆಟೋ ತೆಗೊಂಡ ವರ್ಷ ಪುಡಿ ತಂದುಕೊಟ್ಟೆ. ಒಂದು ಗುಟುಕು ಕುಡಿದು, ಇಷ್ಟು ಕಹಿಯಾ ಅಂತ ಕೇಳಿದ್ರು. ಆಮೇಲೆ ಬೆಲ್ಲ ಹಾಕಿಸಿಕೊಂಡು ಪೂರ್ತಿ ಕುಡಿದ್ರು."

ಮೇಲೆ ಹೇಳಿದ ಚಾವಣಿ ಮತ್ತು ಕಟ್ಟೆಯ ಬಗ್ಗೆ ನಗರಸಭೆಗೆ ಕೊಡಲು ಎರಡು ಪುಟದ ಅರ್ಜಿ ಬರೆದಿದ್ದೇನೆ. ಮೊದಲ ಸಹಿ ನನ್ನದು, ಎರಡನೆಯದು ಅವನದು. ಮಡಿಕೇರಿಯಲ್ಲೂ ಸುತ್ತಮುತ್ತಲೂ ಇರುವ ಹಳೆಯ ವಿದ್ಯಾರ್ಥಿಗಳು ಮನೆಗೆ ಬಂದು ಓದಿ, ಒಪ್ಪಿಗೆಯಾದರೆ ಸಹಿ ಹಾಕಬಹುದು, ಒಪ್ಪಿಗೆಯಾಗದಿದ್ದರೆ ವಾದಿಸಬಹುದು. ಸಂಜೆ ಐದರ ನಂತರ ನಾನು ಮನೆಯಲ್ಲೇ ಇರುತ್ತೇನೆ. ಕಾಫಿ ಇರುತ್ತದೆ.